ಜಗದೇವಪ್ಪ ಕಾವು ಕೂತ ಮೂರು ದಿನ

ಚಿತ್ತಾಪುರದ ದನದ ದವಾಖಾನೆಯಲ್ಲಿ ಜಗದೇವಪ್ಪ ಎಂಬ ಜವಾನನಿದ್ದ. ಕೆಲಸ ಜವಾನನದು, ಗತ್ತು ಡಾಕ್ಟರನದು. ಎತ್ತಿನ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಜಂತುಹುಳದ ಔಷಧಿ ಹೊಯ್ಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಗುಂಡಗುರ್ತಿಯ ಎತ್ತುಗಳು ಅವನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ತಾವಾಗಿಯೇ ಬಾಯಿ ತೆರೆದು ನಿಲ್ಲುತ್ತಿದ್ದವು. ಒಮ್ಮೆ ಅದೇ ಗಂಟೆಗೆ ಅಲ್ಲಿಯ ಗೌಡರೂ ಆಕಳಿಸಿದರಂತೆ. ಇವನು ಅವರಿಗೂ ಒಂದು ಗೊಟ್ಟ ಹೊಯ್ದು ಬಂದ. ಅಂದಿನಿಂದ ಗೌಡರಿಗೆ ಎರಡು ರೊಟ್ಟಿ ಹೆಚ್ಚಿಗೆ ಸೇರುತ್ತಿತ್ತು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದು ಎರಡು ವರ್ಷವಾಗಿರಬೇಕು. ತೆಲುಗು ಸೀಮೆಯ ಸಮುದ್ರದಲ್ಲಿ ಎದ್ದ ಗಾಳಿ ಕುಂಚಾವರಂ ಕಾಡು ದಾಟಿ ಇಲ್ಲಿಯ ತನಕ ಬಂತು. ಸೇಡಂನಲ್ಲಿ ಒಣಹಾಕಿದ್ದ ಧೋತರವೊಂದು ಹಾರಿ ಬಂದು ವಾಡಿಯ ಸಿಗ್ನಲ್ ಕಂಬಕ್ಕೆ ಸಿಕ್ಕಿ, ಎರಡು ಗಾಡಿ ನಿಂತವು. ಮರುದಿನ ಶಹಾಬಾದಿನಲ್ಲಿ ಕಲ್ಲು ಒಡೆಯುವ ಮಶಾಕ, ಸೈಕಲ್ಲಿಗೆ ಬುಟ್ಟಿಯೊಂದನ್ನು ಕಟ್ಟಿಕೊಂಡು ದವಾಖಾನೆಗೆ ಬಂದ.

"ಖಣಿ ನೀರಾಗ ಈ ಹಕ್ಕಿ ಬಿದ್ದಿತ್ತು ಜಗದೇವಣ್ಣ. ಕಾಲು ನೋಡಿದ್ರ ಬಾತುಕೋಳಿದು, ಮೂಗಿನ ಮ್ಯಾಲ ಸಣ್ಣ ಕೊಳವಿ ಇಟ್ಟಂಗ ಅದ. ವಾಸನಿ ಮಾತ್ರ ಕೆಟ್ಟ ಮೀನಿಂದು."

ಕಪ್ಪು ಮೈ, ಮೊಳದುದ್ದ ರೆಕ್ಕೆ, ಅರ್ಧ ಜೀವ. ಡಾಕ್ಟರು ಗುರುಲಿಂಗಯ್ಯನವರು ರಜೆಯಲ್ಲಿದ್ದರು.

"ಸಮುದ್ರದ ಹಕ್ಕಿ ಇದು," ಎಂದ ಜಗದೇವಪ್ಪ, ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವನು. "ಹೊಟ್ಟ್ಯಾಗ ಹುಳ ಅವ."

"ಮೈಮ್ಯಾಲೂ ಏನೋ ಹರದಾಡಾಕತ್ತದಲ್ಲ?"

"ಎತ್ತಿನ ಮೈಯಾಗಿನ ಉಣ್ಣಿ ಯಾರು ಹೆಕ್ಕಿ ತಿಂತಾರ?"

"ಬೆಳ್ಳಕ್ಕಿ."

"ಹಕ್ಕಿನೇ ಉಣ್ಣಿ ತಿಂತದ. ಹಕ್ಕೀಗಿ ಉಣ್ಣಿ ಹ್ಯಾಂಗ ಹತ್ತತಾವ? ನಿನಗ ಎಂದಾರ ರೊಟ್ಟಿ ಕಚ್ಚ್ಯಾದೇನು?"

ಮಶಾಕನಿಗೆ ರೊಟ್ಟಿ ಎಂದೂ ಕಚ್ಚಿರಲಿಲ್ಲ.

ಗೊಟ್ಟ ದೊಡ್ಡದಾಯಿತೆಂದು ಜಗದೇವಪ್ಪ ಪಪ್ಪಾಯಿ ಎಲೆಯ ದಂಟಿನಿಂದ ಎರಡು ಹನಿ ಔಷಧಿ ಬಿಟ್ಟ. ಸಂಜೆಗೆ ಲಾಡಿಹುಳ ಬಿತ್ತು. ಬಿದ್ದಾಗ ಗೇಣುದ್ದ. ಬಸ್ ಸ್ಟ್ಯಾಂಡಿನ ಚಹಾದಂಗಡಿ ತಲುಪುವಷ್ಟರಲ್ಲಿ ಮಾರುದ್ದ. ಚಹಾ ಕುಡಿದು ಏಳುವಾಗ ಅದರ ತಲೆ ವಾಡಿಯಲ್ಲಿತ್ತು, ಬಾಲ ಶಹಾಬಾದಿನಲ್ಲಿ.

ಗೆದ್ದ ಖುಷಿಯಲ್ಲಿ ಹಕ್ಕಿಯನ್ನು ಮನೆಗೆ ತಂದ. ಬೆಚ್ಚಗಿರಲೆಂದು, ಹೆಂಡತಿ ಅನಸುಬಾಯಿಯ ಕೋಳಿ ಕಾವು ಕೂತ ಬುಟ್ಟಿಯಲ್ಲೇ ಮಲಗಿಸಿದ. ಕೋಳಿಯ ಕೆಳಗೆ ಹನ್ನೊಂದು ತತ್ತಿ, ಒಡೆಯಲು ಮೂರೇ ದಿನ. ಹಿಂದಿನ ಎರಡು ಸಲದ ಮರಿಗಳನ್ನೂ ಬೆಕ್ಕು ಮುಗಿಸಿತ್ತು. ಈ ಸಲ ಅನಸುಬಾಯಿ ಆ ಬುಟ್ಟಿಯ ಪಕ್ಕದಲ್ಲೇ ಮಲಗುತ್ತಿದ್ದಳು.

"ನನ್ನ ಕೋಳಿ ಎದ್ದರ ತತ್ತಿ ಮ್ಯಾಲ ನೀವೇ ಕುಂದ್ರಬೇಕು. ಈಗೇ ಹೇಳ್ತೀನಿ."

"ಕುಂದ್ರತೀನಿ ತಗೋ."

ಬೆಳಗ್ಗೆ ನೋಡಿದರೆ ಕೋಳಿ ಮಾಳಿಗೆಯ ಮೇಲೆ ಕುಣಿಯುತ್ತಿತ್ತು. ಕೊರಳ ತುಂಬ ಉಣ್ಣಿ, ರೆಕ್ಕೆಯಡಿ ಹೇನು. ಹಕ್ಕಿಯ ಹೊಟ್ಟೆಯ ಹುಳ ಹೋಗಿದ್ದವು. ಮೈಮೇಲಿನವು ಮನೆ ಬದಲಿಸಿದ್ದವು. ಬೂದಿಯಲ್ಲಿ ಹೊರಳಾಡಿಸಿ ಮೈ ಸ್ವಚ್ಛ ಮಾಡಿದರೂ ಕೋಳಿ ಮತ್ತೆ ಆ ಬುಟ್ಟಿಯ ಕಡೆ ತಿರುಗಲಿಲ್ಲ.

ಅನಸುಬಾಯಿ ಬಯ್ಯಲಿಲ್ಲ. ತತ್ತಿಗಳನ್ನು ಒರೆಸಿ, ಹತ್ತಿಯಲ್ಲಿ ಸುತ್ತಿ, ಗಂಡನ ರುಮಾಲಿನಲ್ಲಿಟ್ಟು ಅವನ ಹೊಟ್ಟೆಗೆ ಕಟ್ಟಿ, ಮೇಲೆ ಅಂಗಿ ತೊಡಿಸಿದಳು.

"ನನಗ ಡ್ಯೂಟಿ ಅದಲ್ಲ," ಎಂದ.

"ಕೋಳೀಗೂ ಇತ್ತು."

ಮೂರು ದಿನ ಜಗದೇವಪ್ಪ ಸೈಕಲ್ ಹತ್ತಲಿಲ್ಲ, ಬಾಗಲಿಲ್ಲ, ಸೀನು ಬಂದರೆ ಮೂಗು ಹಿಡಿದುಕೊಂಡ. ಔಷಧಿಗೆ ಬಂದ ಎಮ್ಮೆಯನ್ನು ಕಟ್ಟೆ ಹತ್ತಿಸಿ, ತಾನು ನೆಟ್ಟಗೆ ನಿಂತು ಹೊಯ್ದ. ಒಮ್ಮೆ ಮನೆಯಲ್ಲಿ ಅನ್ನದ ಕಾಳು ಕಂಡು ಕೊಕ್ಕಿನಂತೆ ಬೆರಳು ಚಾಚಿದನೆಂದೂ ಹೇಳುತ್ತಾರೆ, ಅದು ಸುಳ್ಳಿರಬಹುದು.

ಮೂರನೆಯ ದಿನ ಗುರುಲಿಂಗಯ್ಯನವರು ರಜೆ ಮುಗಿಸಿ ಬಂದರು.

"ಹೊಟ್ಟಿ ಏನಾಗ್ಯಾದ ಜಗದೇವಪ್ಪ?"

"ಗ್ಯಾಸ್ ಆಗ್ಯಾದ್ರಿ ಸಾಹೇಬ್ರ."

ಗ್ಯಾಸು ಅಷ್ಟರಲ್ಲಿ ಚಿಂವ್ ಎಂದಿತು.

ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಒಂದಲ್ಲ, ನಾಕೈದು ಅದಾವ," ಎಂದರು.

ಜಗದೇವಪ್ಪ ಎಲ್ಲ ಒಪ್ಪಿಕೊಂಡ. ನಗು ಮುಗಿದ ಮೇಲೆ ಡಾಕ್ಟರು ಹೇಳಿದರು, "ಸಮುದ್ರದ ನಡುಗಡ್ಡ್ಯಾಗ ಸಾವಿರಾರು ಹಕ್ಕಿ ಒಂದಕ್ಕೊಂದು ಅಂಟಿ ಗೂಡು ಮಾಡ್ತಾವ. ಉಣ್ಣಿಗಿ ಅದಕಿಂತ ದೊಡ್ಡ ಸಂತಿ ಎಲ್ಲಿ ಸಿಗಬೇಕು?" ಆಮೇಲೆ ಹಕ್ಕಿಯನ್ನು ಮನೆಯಿಂದ ತರಿಸಿ ಉಣ್ಣಿಯ ಪುಡಿ ಹಚ್ಚಿದರು. ಎರಡು ದಿನ ಮೀನು ತಿಂದು ಚೇತರಿಸಿಕೊಂಡ ಅದನ್ನು ಮಶಾಕ ಖಣಿಯ ದಿಬ್ಬದಿಂದ ಮೇಲಕ್ಕೆ ಎಸೆದ. ಹಕ್ಕಿ ಪೂರ್ವಕ್ಕೆ ಹಾರಿತು.

ಹನ್ನೊಂದರಲ್ಲಿ ಒಂಬತ್ತು ಮರಿ ಬಂದವು. ಅನಸುಬಾಯಿ ಒಯ್ದು ಕೋಳಿಯ ಮುಂದೆ ಬಿಟ್ಟರೆ, ಒಂಬತ್ತೂ ಹೊರಳಿ ಓಡಿಬಂದು ಜಗದೇವಪ್ಪನ ಧೋತರದೊಳಗೆ ನುಸುಳಿದವು. ಕಣ್ಣು ಬಿಟ್ಟಾಗ ಕಂಡದ್ದು ಅವನ ಮೀಸೆ, ಅವುಗಳದೇನು ತಪ್ಪು? ಅವನು ಕೆಲಸಕ್ಕೆ ಹೋದರೆ ಹೊಸ್ತಿಲ ಮೇಲೆ ಸಾಲಾಗಿ ಕೂತು ದಾರಿ ಕಾಯುತ್ತಿದ್ದವು.

ಪಕ್ಕದ ಮನೆಯ ಶಹರಬಾನು ಕೇಳಿದಳು, "ಅಕ್ಕಾ, ಮರಿ ಇಲ್ಲೇ ಅದಾವ, ತಾಯಿ ಎಲ್ಲಿ?"

ಅನಸುಬಾಯಿ ಜೋಳ ಹಸನು ಮಾಡುತ್ತ ತಲೆಯೆತ್ತಲಿಲ್ಲ.

"ದವಾಖಾನಿಗಿ ಹೋಗ್ಯಾಳ. ಐದಕ್ಕ ಬರ್ತಾಳ."