ತರಬೇತಿಯ ಮರುದಿನ

ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ನನ್ನ ಸಾಲಿನಲ್ಲಿ ಜೇಬು ಹೊಲಿಯುತ್ತಿದ್ದ ಹೆಣ್ಣುಮಗಳೊಬ್ಬಳು ಡಿ. ಹಿರೇಹಾಳ್ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಊರಾಚೆಯ ಕೇರಿಯವಳು. ಆಕೆಯ ಜಾತಿಯನ್ನು ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನ ನಾವೆಲ್ಲ ಒಟ್ಟಿಗೆ ಉಣ್ಣಲು ಕೂತರೆ ಆಕೆ ದೂರದಲ್ಲಿ, ಬಟ್ಟೆಯ ಗಂಟುಗಳ ಮಗ್ಗುಲಲ್ಲಿ ಕೂರುತ್ತಿದ್ದಳು. ಅಲ್ಲಿ ಕೂರು ಎಂದು ಯಾರೂ ಹೇಳಿದ್ದಿಲ್ಲ.

ನಮ್ಮ ಮಾಲು ಕೊಳ್ಳುವ ಕಂಪನಿಯವರು ಒತ್ತಾಯ ಮಾಡಿದ್ದರಿಂದ ಒಂದು ಭಾನುವಾರ ಎಲ್ಲರನ್ನೂ ಕರೆಸಿ ತರಬೇತಿ ಕೊಟ್ಟರು. ಹೈದರಾಬಾದಿನಿಂದ ಬಂದ ಮೇಡಂ ತೆಲುಗಿನಲ್ಲಿ ಮಾತಾಡಿದರು. ಕೆಲಸದ ಜಾಗದಲ್ಲಿ ಜಾತಿ, ಧರ್ಮ, ಭಾಷೆ ನೋಡಬಾರದು ಎಂದರು. ಕೊನೆಗೆ ಇಬ್ಬಿಬ್ಬರನ್ನು ಜೋಡಿ ಮಾಡಿ, ಡಬ್ಬಿ ಬದಲಿಸಿಕೊಂಡು ಉಣ್ಣಲು ಹೇಳಿದರು. ನನಗೆ ಆಕೆಯೇ ಜೋಡಿಯಾದಳು. ಸಜ್ಜೆ ರೊಟ್ಟಿ, ಪುಂಡಿ ಪಲ್ಯ. ತಿಂದೆ. ರುಚಿಯಾಗಿತ್ತು. ಫೋಟೊ ತೆಗೆದರು. ಆಕೆ ನಕ್ಕಳು, ನಾನೂ ನಕ್ಕೆ.

ಮರುದಿನ ಊಟದ ಗಂಟೆ ಬಾರಿಸಿದಾಗ ಆಕೆ ನೇರವಾಗಿ ನಮ್ಮ ನಡುವೆ ಬಂದು ಕೂತು ಡಬ್ಬಿ ತೆರೆದಳು.

"ಅಕ್ಕಾರ, ಇವತ್ತ ಶೇಂಗಾ ಚಟ್ನಿ ತಂದೀನ್ರಿ. ತಗೋರಿ."

ಪಕ್ಕದವಳು ತನ್ನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇವತ್ತ ಸೋಮವಾರ. ನಂದು ಉಪಾಸ ಐತಿ," ಎಂದೆ. ಕೈಯಲ್ಲಿ ಅನ್ನದ ತುತ್ತಿತ್ತು.

ಆಕೆ ನನ್ನ ಕೈ ನೋಡಿದಳು. "ಹೌದ್ರಿ? ನನಗ ಗೊತ್ತಾಗ್ಲಿಲ್ರಿ," ಎಂದು ಮುಚ್ಚಳ ಹಾಕಿಕೊಂಡು ಎದ್ದಳು.

ತುತ್ತನ್ನು ಬಾಯಿಗಿಟ್ಟು ನುಂಗಿದೆ. ನಾಚಿಕೆಯಾಗಬೇಕಿತ್ತು, ಏನೂ ಆಗಲಿಲ್ಲ. ಕೈ ತೊಳೆದು ಕೆಲಸಕ್ಕೆ ಹೋದೆ.

ವಾರದ ನಂತರ ಆ ಕಂಪನಿಯಿಂದ ತೆಲುಗಿನಲ್ಲಿ ಅಚ್ಚಾದ ಫಾರಮ್ಮು ಬಂತು. ಆಕೆಗೆ ತೆಲುಗು ಓದಲು ಬಾರದು. ನನ್ನ ಬಳಿ ತಂದಳು.

"ಏನಂತ ಬರದಾರ್ರಿ?"

"ತರಬೇತಿಯಿಂದ ಏನಾರ ಬದಲಾತೇನು ಅಂತ."

ಫಾರಮ್ಮನ್ನು ನನ್ನ ಕಡೆ ಸರಿಸಿದಳು. "ನಿಮಗ ಸರಿ ಕಂಡದ್ದು ಹಾಕ್ರಿ."

'ಅವುನು', ಅಂದರೆ ಹೌದು, ಎಂಬಲ್ಲಿ ಗುರುತು ಹಾಕಿದೆ. ನನ್ನದಕ್ಕೂ ಹಾಗೇ ಹಾಕಿದೆ. ಆಕೆ ಕೆಳಗೆ ರುಜು ಮಾಡಿದಳು.

ಎರಡು ತಿಂಗಳಿಗೆ ಕೆಲಸ ಬಿಟ್ಟು ಬಳ್ಳಾರಿಯ ಕಾರ್ಖಾನೆಗೆ ಸೇರಿದಳು.

"ಯಾಕ ಬಿಡ್ತಿ?" ಎಂದು ಕೊನೆಯ ದಿನ ಕೇಳಿದೆ.

"ನಮ್ಮೂರಿಗೆ ಅದು ಹತ್ರ ಆಗ್ತೈತ್ರಿ ಅಕ್ಕಾರ."

ತಪ್ಪಾಯಿತು ಎನ್ನಲು ಅದೇ ಸಮಯವಾಗಿತ್ತು. ಬಸ್ಸಿಗೆ ಹೊತ್ತಾಗುತ್ತದೆ, ಹೊರಡು ಎಂದೆ.