ನಾನು ಆರಿಸಿದ ದಪ್ಪ ವಿಮಾನ

ಯಾವ ವಿಮಾನ ತಗೊಳ್ಳಲಿ ಅಜ್ಜಿ ಎಂದು ಮೊನ್ನೆ ಮೊಮ್ಮಗಳು ಬಂದು ನನ್ನನ್ನು ಕೇಳಿದಳು. ರೇಡಿಯೋದಿಂದ ಹಾರಿಸುವ ಚಿಕ್ಕ ವಿಮಾನ. ಮನೆ ತುಂಬ ಓದಿದವರಿದ್ದಾರೆ, ಅವರನ್ನೆಲ್ಲ ಬಿಟ್ಟು ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನ್ನನ್ನು. ಆವತ್ತಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದು ಹೇಗೆ ಎಂದು ಬರೆದೇ ಬಿಡುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾಗಿ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ಮನೆಗೆ ಬಂದಿದ್ದೆ. ಅತ್ತೆ ಹಿತ್ತಲ ಆಚೆಯ ತುಂಡು ಜಮೀನಿನಲ್ಲಿ ಸೊಪ್ಪು ಬೆಳೆಯುತ್ತಿದ್ದರು. ನಮ್ಮ ಯಜಮಾನರು ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ಹಗಲೆಲ್ಲ ದೊಡ್ಡ ವಿಮಾನಕ್ಕೆ ಕೈ ಹಾಕಿ ಬಂದವರು, ಸಂಜೆ ಕಾಫಿ ಕುಡಿದು ನಡುಮನೆಯಲ್ಲಿ ಚಿಕ್ಕ ವಿಮಾನ ಮಾಡಲು ಕೂರುತ್ತಿದ್ದರು.

"ಹೋಟ್ಲಲ್ಲಿ ದೋಸೆ ಹುಯ್ದು ಬಂದೋನು ಮನೇಲೂ ಕಾವಲಿ ಇಟ್ಕೊಂಡಂಗಾಯ್ತು" ಎಂದು ಅತ್ತೆ ಗೊಣಗುತ್ತಿದ್ದರು.

ಈ ಹುಚ್ಚಿನಲ್ಲಿ ನಮ್ಮ ಯಜಮಾನರಿಗೆ ಒಬ್ಬ ಗೆಳೆಯರು ಜೊತೆಗಿದ್ದರು. ವಿಲ್ಸನ್ ಗಾರ್ಡನ್‌ನವರು, ಅದೇ ಕಾರ್ಖಾನೆ. ರೇಡಿಯೋ ಪೆಟ್ಟಿಗೆ ಅವರದು, ಇಂಜಿನ್ ನಮ್ಮವರದು. ಇಬ್ಬರ ಸಾಮಾನೂ ಸೇರಿದರೆ ಒಂದೇ ವಿಮಾನ. ಯಾವ ವಿಮಾನ ಎನ್ನುವುದೇ ಜಗಳ. ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಎರಡು ಚಿತ್ರಗಳಿದ್ದವು. ಒಂದು ಸಣ್ಣ ಸೊಂಟದ್ದು, ರೆಕ್ಕೆ ಹೊಟ್ಟೆಯ ಕೆಳಗೆ. ಇನ್ನೊಂದು ದಪ್ಪಗೆ, ರೆಕ್ಕೆಯನ್ನು ತಲೆಯ ಮೇಲೆ ಹೊತ್ತದ್ದು. ಗೆಳೆಯರಿಗೆ ಮೊದಲನೆಯದು ಇಷ್ಟ, ನಮ್ಮವರಿಗೆ ಎರಡೂ. ವಾರಗಟ್ಟಲೆ ಚರ್ಚೆ. ಕೊನೆಗೆ ನಾನು ಕಾಫಿ ಲೋಟ ತೆಗೆಯಲು ಹೋದಾಗ ಇವರು ಪತ್ರಿಕೆ ನನ್ನ ಕಡೆ ತಿರುಗಿಸಿದರು.

"ನೀನೇ ಹೇಳೇ. ಯಾವ್ದು?"

ನಾನು ದಪ್ಪದ್ದರ ಮೇಲೆ ಬೆರಳಿಟ್ಟೆ.

"ಯಾಕೆ ಅತ್ತಿಗೆ?" ಎಂದರು ಗೆಳೆಯರು.

"ಹದ್ದು ಆಕಾಶದಲ್ಲಿ ತೇಲ್ತಿರುತ್ತಲ್ಲ, ಅದರ ರೆಕ್ಕೆ ಮೇಲೆ, ಮೈ ಕೆಳಗೆ ನೇತಾಡ್ತಿರುತ್ತೆ. ಇದೂ ಹಂಗೇ ಇದೆ. ಅದ್ಯಾವುದೋ ಸಣ್ಣದು ಓಡೋಕೆ ಹುಟ್ಟಿರೋ ಹಂಗಿದೆ, ಹಾರೋಕಲ್ಲ."

"ಮುಗೀತು ಗುರು" ಎಂದು ನಮ್ಮವರು ಪತ್ರಿಕೆ ಮಡಚಿದರು. ಗೆಳೆಯರು ನಕ್ಕರು, ಆದರೆ ಪೂರ್ತಿ ಒಪ್ಪಿರಲಿಲ್ಲ.

ಆ ವಿಮಾನ ಮಾಡಲು ಒಂದು ಮಳೆಗಾಲ ಹಿಡಿಯಿತು. ಬಾಲ್ಸಾ ಎಂಬ ಪರದೇಶದ ಮರದ ಹಲಗೆ, ಒಣಗಿದ ಸೋರೆಬುರುಡೆಗಿಂತ ಹಗುರ. ಅದು ಸಿಗುವುದೇ ಕಷ್ಟ. ಬಾಲದ ಹೊತ್ತಿಗೆ ಹಲಗೆ ಸಾಲದೆ ಬಂತು, ಇವರು ಬೂರುಗದ ಮರ ಕೊಯ್ದು ಬಾಲ ಮಾಡಿದರು. ರೆಕ್ಕೆಗೆ ತೆಳು ರೇಷ್ಮೆ ಎಳೆದು ಅಂಟಿಸಿದ್ದು ನಾನು. ಹಪ್ಪಳದ ಹಿಟ್ಟು ಲಟ್ಟಿಸಿದ ಕೈ ಅಲ್ಲವೇ, ಒಂದು ಸುಕ್ಕು ಬರಲು ಬಿಡಲಿಲ್ಲ. ಮೇಲೆ ಬಳಿಯುವ ದ್ರವಕ್ಕೆ ಮಾಗಿದ ಬಾಳೆಹಣ್ಣಿನ ವಾಸನೆ. ಅತ್ತೆ ದಿನಾ ಬಾಳೆಗೊನೆ ಹುಡುಕುತ್ತಿದ್ದರು.

ಹಾರಿಸುತ್ತಿದ್ದುದು ಜಯನಗರದಲ್ಲಿ. ಈಗ ನಗಬೇಡಿ. ಆಗ ಅಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು, ಟಾರು ರಸ್ತೆ ಹಾಕಿದ್ದರು, ಮನೆಗಳು ಮಾತ್ರ ಬಂದಿರಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ಕಪ್ಪು ರಸ್ತೆ, ಅದರ ಮೇಲೆ ದನ ಮಲಗಿರುತ್ತಿದ್ದವು. ದನ ಎಬ್ಬಿಸುವುದು ನನ್ನ ಕೆಲಸ.

ಆ ರೇಡಿಯೋ ಈಗಿನಂತಲ್ಲ. ನೆಲದ ಮೇಲೆ ಒಂದು ಪೆಟ್ಟಿಗೆ, ಅದರಿಂದ ಆಳೆತ್ತರದ ಕಂಬಿ, ವೈರಿನ ತುದಿಯಲ್ಲಿ ಒಂದೇ ಒಂದು ಗುಂಡಿ. ಒಂದು ಸಲ ಒತ್ತಿ ಹಿಡಿದರೆ ವಿಮಾನ ಬಲಕ್ಕೆ, ಎರಡು ಸಲ ಒತ್ತಿ ಹಿಡಿದರೆ ಎಡಕ್ಕೆ, ಬಿಟ್ಟರೆ ನೇರ. ಮೇಲೆ ಕೆಳಗೆ ಎಂಬುದು ಇಲ್ಲ. ಇಂಜಿನ್ನಿನ ಎಣ್ಣೆ ಮುಗಿದ ಮೇಲೆ ಅದೇ ತೇಲಿಕೊಂಡು ಇಳಿಯಬೇಕು.

ಮೊದಲ ಸಲ ಏರಿತು, ಮೂಗು ಎತ್ತಿತು, ಇನ್ನೂ ಎತ್ತಿತು, ಗಾಳಿಯಲ್ಲಿ ನಿಂತೇ ಬಿಟ್ಟಿತು, ಆಮೇಲೆ ಧೊಪ್ಪನೆ ಬಿತ್ತು. ರಿಪೇರಿ ಮಾಡಿ ಎರಡನೇ ಸಲ ಹಾರಿಸಿದರೂ ಅದೇ ಕತೆ. ಮುರಿದ ರೆಕ್ಕೆ ಹಿಡಿದು ಗೆಳೆಯರು ಹೇಳಿದರು:

"ಗುರು, ಬಾಲ್ಸಾ ಇನ್ನೊಂದು ರಿಪೇರಿಗೆ ಮಾತ್ರ ಇದೆ. ಮತ್ತೆ ಬಿದ್ರೆ ಇದನ್ನ ಬಿಚ್ಚಾಕಿ, ಇಂಜಿನ್ನು ರೇಡಿಯೋ ತೆಗೆದು, ನಾನ್ ಹೇಳಿದ್ದು ಮಾಡೋಣ. ಅತ್ತಿಗೆ ಬೇಜಾರ್ ಮಾಡ್ಕೋಬಾರದು."

ಬೇಜಾರಿಲ್ಲ ಎಂದೆ. ಮನೆಗೆ ಬಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ನಾನು ಬೆರಳಿಟ್ಟು ತೋರಿಸಿದ ವಿಮಾನ ಅದು. ಅದರ ರೇಷ್ಮೆಯನ್ನು ಬ್ಲೇಡಿನಲ್ಲಿ ಹರಿಯುತ್ತಾರಲ್ಲ ಎಂಬುದೇ ತಲೆಯಲ್ಲಿತ್ತು.

ರಿಪೇರಿ ಮುಗಿಯುವ ಹೊತ್ತಿಗೆ ಆಯುಧಪೂಜೆ ಬಂತು. ಅತ್ತೆ ಕುಡುಗೋಲು, ಸನಿಕೆ, ಇವರ ಸೈಕಲ್ಲು, ನನ್ನ ಈಳಿಗೆಮಣೆ ಎಲ್ಲ ತೊಳೆದು ಸಾಲಾಗಿ ಇಟ್ಟರು. ಸಾಲಿನ ಕೊನೆಗೆ ವಿಮಾನ. ಅರಿಶಿನ ಕುಂಕುಮ, ಚೆಂಡು ಹೂವು. ಆಮೇಲೆ ಮೂಗಿನ ಕೆಳಗೆ ದಪ್ಪದೊಂದು ನಿಂಬೆಹಣ್ಣು, ಎರಡು ಹಸಿಮೆಣಸಿನಕಾಯಿ ದಾರದಲ್ಲಿ ಕಟ್ಟಿದರು.

ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ, ಹೊಸ ಕೆಲಸಕ್ಕೆ ಒಳ್ಳೆಯ ದಿನ. ಬೆಳಿಗ್ಗೆಯೇ ಹೊರಟೆವು, ಅತ್ತೆಯೂ ಜೊತೆಗೆ. ರಸ್ತೆಯ ಮೇಲೆ ವಿಮಾನ ಇಟ್ಟು ಇವರು ಜೇಬಿನಿಂದ ಚಾಕು ತೆಗೆದರು.

"ಏನ್ಲಾ ಮಾಡ್ತೀಯಾ?"

"ನಿಂಬೆಹಣ್ಣು ತೆಗೀತೀನಿ ಕಣವ್ವ. ಭಾರ ಆಗ್ತದೆ."

"ನಿನ್ನೆ ಕಟ್ಟಿ ಇವತ್ತು ತೆಗೆಯೋಕೆ ನಾನೇನು ಆಟ ಆಡಿದ್ನಾ? ಎರಡು ಸಲ ಬಿದ್ದದೆ. ಇಡೀ ಸಿದ್ದಾಪುರದ ಕಣ್ಣು ಬಿದ್ದದೆ ಅದರ ಮ್ಯಾಲೆ. ಸುಮ್ಕೆ ಬುಡು."

"ಅವ್ವ, ಮೆಣಸಿನಕಾಯಿ ಮುಂದಿನ ಫ್ಯಾನಿಗೆ ಸಿಕ್ಕೊಂಡ್ರೆ ಕೆಟ್ಟುಹೋಗ್ತದೆ."

"ಹಂಗಾರೆ ಮೆಣಸಿನಕಾಯಿ ತೆಗಿ. ನಿಂಬೆಹಣ್ಣು ಮುಟ್ಟಬ್ಯಾಡ."

ಗೆಳೆಯರು ಇವರ ಕಿವಿಯಲ್ಲಿ "ಬಿಡು ಗುರು, ಹೆಂಗೂ ಕೊನೇ ಸಲ" ಎಂದರು. ಅದು ನನಗೂ ಕೇಳಿಸಿತು. ನಾನು ದನ ಎಬ್ಬಿಸುವ ನೆಪದಲ್ಲಿ ಮುಂದೆ ಹೋಗಿಬಿಟ್ಟೆ.

ಇಂಜಿನ್ ಕಿರುಗುಟ್ಟಿತು. ವಿಮಾನ ರಸ್ತೆಯ ಮೇಲೆ ಓಡಿ ನನ್ನ ಪಕ್ಕದಲ್ಲೇ ಎದ್ದಿತು. ಮೂಗು ಎತ್ತುತ್ತದೆ, ಈಗ ಎತ್ತುತ್ತದೆ ಎಂದು ಸೆರಗು ಬಾಯಿಗೆ ತುರುಕಿ ನಿಂತೆ. ಎತ್ತಲಿಲ್ಲ. ಬೆಟ್ಟದ ಮೆಟ್ಟಿಲು ಹತ್ತುವ ಹಾಗೆ ನಿಧಾನವಾಗಿ, ಸಮವಾಗಿ ಏರಿತು. ಇವರು ಗುಂಡಿ ಒತ್ತಿದರು, ಬಲಕ್ಕೆ ಬಾಗಿ ಸುತ್ತಿ ಬಂತು. ರೇಷ್ಮೆಯಲ್ಲಿ ಬಿಸಿಲು ತೂರಿ ರೆಕ್ಕೆಯ ಎಲುಬೆಲ್ಲ ಕಾಣಿಸುತ್ತಿತ್ತು. ಎಣ್ಣೆ ಮುಗಿದು ಸದ್ದು ನಿಂತಾಗ ಗೆಳೆಯರು ತುಂಡು ಆರಿಸಲು ಹೊರಟವರ ಹಾಗೆ ಎರಡು ಹೆಜ್ಜೆ ಮುಂದಿಟ್ಟರು. ಅದು ಮಾತ್ರ ನಾನು ಹೇಳಿದ ಹದ್ದಿನ ಹಾಗೇ ತೇಲಿ ತೇಲಿ ಬಂದು ಟಾರಿನ ಮೇಲೆ ಎರಡು ಸಲ ಕುಪ್ಪಳಿಸಿ ನಿಂತಿತು.

ಇವರು ಓಡಿಹೋಗಿ ಅದನ್ನು ರೆಕ್ಕೆಯ ಕೆಳಗೆ ಎರಡು ಬೆರಳಿನ ಮೇಲೆ ನಿಲ್ಲಿಸಿದರು. ತಕ್ಕಡಿಯ ಹಾಗೆ ಸಮವಾಗಿ ನಿಂತಿತು. ಗೆಳೆಯರು ನಿಂಬೆಹಣ್ಣನ್ನು ಅಂಗೈಯಿಂದ ಮೆಲ್ಲಗೆ ಎತ್ತಿ ಹಿಡಿದರು, ಬಾಲ ಕೆಳಗೆ ಜಗ್ಗಿತು. ಕೈ ಬಿಟ್ಟರು, ಮತ್ತೆ ಸಮ. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು.

"ಬೂರುಗದ ಬಾಲ" ಎಂದರು ಗೆಳೆಯರು. "ಹಿಂದೆ ಭಾರ ಜಾಸ್ತಿ ಆಗಿತ್ತು. ವಿಮಾನದ್ದೇನೂ ತಪ್ಪಿಲ್ಲ ಗುರು."

"ಅವ್ವ, ನಿನ್ನ ನಿಂಬೆಹಣ್ಣು ಮುಂದಕ್ಕೆ ಭಾರ ಕೊಟ್ಟದೆ ಕಣವ್ವ, ಅದಕ್ಕೇ ಹಾರಿದ್ದು."

"ಅದನ್ನೇ ಅಲ್ವಾ ನಾನು ಬೆಳಿಗ್ಗೆಯಿಂದ ಹೇಳ್ತಿರೋದು" ಎಂದರು ಅತ್ತೆ. "ಪ್ರತಿ ಅಮಾವಾಸ್ಯೆಗೂ ಹೊಸದು ಕಟ್ಟು. ಒಣಗಿದ್ರೆ ಅದಕ್ಕೆ ಶಕ್ತಿ ಇರಲ್ಲ."

ಒಣಗಿದರೆ ಹಗುರಾಗುತ್ತದೆ, ಬಾಲ ಮತ್ತೆ ಜಗ್ಗುತ್ತದೆ ಎಂದು ಲೆಕ್ಕ ಹಾಕಿ ಇವರಿಗೆ ನಗು ತಡೆಯಲಾಗಲಿಲ್ಲ. ಅತ್ತೆ ಹೇಳಿದ್ದರಲ್ಲಿ ತಪ್ಪು ಹುಡುಕಲು ಜಾಗವೇ ಇರಲಿಲ್ಲ.

ಗೆಳೆಯರು ಮತ್ತೆ ಎಣ್ಣೆ ತುಂಬಿದರು. ಪೆಟ್ಟಿಗೆಯ ಹತ್ತಿರ ಬಂದು ವೈರು ಎತ್ತಿಕೊಂಡರು. ತಾವೇ ಹಾರಿಸುತ್ತಾರೆ ಎಂದುಕೊಂಡೆ. ರೇಡಿಯೋ ಅವರದೇ ತಾನೇ. ಅವರು ಅದನ್ನು ನನ್ನ ಕೈಗೆ ಕೊಟ್ಟರು.

"ಅತ್ತಿಗೆ, ಆರಿಸಿದ್ದು ನೀವು. ಒತ್ತಿ."

"ನಂಗೆ ಬರಲ್ಲಣ್ಣ."

"ಒಂದು ಸಲ ಒತ್ತಿದ್ರೆ ಬಲಕ್ಕೆ, ಅಷ್ಟೇ ಕಣೇ" ಎಂದರು ನಮ್ಮವರು. "ಉಪ್ಪಿನ ಡಬ್ಬಿ ಮುಚ್ಚಿದಂಗೆ."

ಇಂಜಿನ್ ಮತ್ತೆ ಕಿರುಗುಟ್ಟಿತು. ವಿಮಾನ ಎದ್ದು ಲಾಲ್‌ಬಾಗಿನ ಕಡೆ ಮುಖ ಮಾಡಿ ದೂರ ದೂರ ಹೋಗುತ್ತಿತ್ತು. ಹೆಬ್ಬೆರಳಿಟ್ಟು ಒತ್ತಿ ಹಿಡಿದೆ. ಅಷ್ಟು ಎತ್ತರದಲ್ಲಿ, ಅಷ್ಟು ದೂರದಲ್ಲಿ, ಅದು ನನ್ನ ಮಾತು ಕೇಳಿ ರೆಕ್ಕೆ ಬಾಗಿಸಿತು. ಬಲಕ್ಕೆ ತಿರುಗಿ, ಇನ್ನೂ ತಿರುಗಿ, ನಾನು ನಿಂತಿದ್ದ ರಸ್ತೆಯ ಕಡೆಗೇ ಬರತೊಡಗಿತು.