ಬಡಿಸದೆ ನಿಂತ ಕೈ

ನನ್ನ ಅಣ್ಣನ ಮಗಳು ತಾನು ನಿರ್ದೇಶಿಸಿದ ಮೊದಲ ಸಿನಿಮಾದ ಕೊನೆಯ ದೃಶ್ಯವನ್ನು ಖಾನಾಪುರದ ನನ್ನ ತವರುಮನೆಯ ಅಡುಗೆಮನೆಯಲ್ಲೇ ತೆಗೆದಳು. ತಾಯಿಯ ಪಾತ್ರದಾಕೆಗೆ ಅಕ್ಕಿ ಭಕ್ಕರಿ ತಟ್ಟಲು ಬರುತ್ತಿರಲಿಲ್ಲ. ಹಾಗಾಗಿ ಬೆಳಗಾವಿಯ ಹಿಂದವಾಡಿಯಿಂದ ನನ್ನನ್ನು ಕರೆಸಿದಳು. ತಟ್ಟುವುದು, ಬಡಿಸುವುದು ನಾನು. ಪರದೆಯ ಮೇಲೆ ಬರುವುದು ನನ್ನ ಕೈ ಮಾತ್ರ. ದೇವರು ಕೈಯನ್ನಾದರೂ ನೆಟ್ಟಗೆ ಇಟ್ಟಿದ್ದಾನಲ್ಲ ಎಂದು ನಮಸ್ಕರಿಸಿ ಬಸ್ಸು ಹತ್ತಿದೆ.

ವರ್ಷಗಳ ಮುನಿಸಿನ ನಂತರ ಮಗ ಮನೆಗೆ ಬರುತ್ತಾನೆ, ತಾಯಿ ಬಡಿಸುತ್ತಾಳೆ, ಅವನು ಉಣ್ಣುತ್ತಾನೆ. ಒಂದೂ ಮಾತಿಲ್ಲ. ಅವಳು ಬರೆದದ್ದು ಅಷ್ಟೇ. ಮಗನ ಪಾತ್ರದ ಹೀರೋಗೆ ಅದು ಒಪ್ಪಿಗೆಯಿರಲಿಲ್ಲ.

“ಜನ ನನ್ನ ಡೈಲಾಗ್ ಕೇಳೋಕೆ ಬರ್ತಾರಮ್ಮ, ನಾನು ಅಗಿಯೋದು ನೋಡೋಕಲ್ಲ,” ಎಂದ.

ದುಡ್ಡು ಹಾಕಿದ ಕಂಪನಿಯವರು ಫೋನಿನಲ್ಲಿ ತೀರ್ಪು ಕೊಟ್ಟರು: ಎರಡೂ ಬಗೆ ತೆಗೆಯಿರಿ, ಯಾವುದು ಇಡಬೇಕೋ ನಾವು ನೋಡುತ್ತೇವೆ.

“ಅಂದ್ರ ಹೀರೋನದ್ದನ್ನ ಇಡ್ತಾರ, ಅತ್ತಿ,” ಹುಡುಗಿ ಒಲೆಯ ಹತ್ತಿರ ಬಂದು ಪಿಸುಗುಟ್ಟಿದಳು. “ಈ ಒಂದು ಸೀನ್ ಸಲುವಾಗಿ ನಾ ಸಿನಿಮಾ ಮಾಡೇನಿ.”

“ಮೊದಲ ಕುಂದರು. ಹಿಟ್ಟಿಗೆ ಉಪ್ಪು ಆಗಲೇ ಹಾಕೇನಿ, ನಿನ್ನ ಕಣ್ಣೀರು ಬ್ಯಾಡ.”

ಮಾತಿಲ್ಲದ್ದು ಚೆನ್ನಾಗಿ ಆಯಿತು. ಆಮೇಲೆ ಅವನ ಸರದಿ. ಎರಡು ವಾಕ್ಯ ಹೇಳಿದ, ನನ್ನ ಕೈ ನಿಂತುಬಿಟ್ಟಿತು. ನಮ್ಮ ಮಾವನವರು ಊಟದಲ್ಲಿ ಮೌನ ಹಿಡಿಯುತ್ತಿದ್ದವರು. ತಟ್ಟೆಯ ಮುಂದೆ ಯಾರಾದರೂ ಮಾತು ತೆಗೆದರೆ, ಅದು ಮುಗಿಯುವವರೆಗೆ ನಾವು ಬಡಿಸುವಂತಿರಲಿಲ್ಲ. ಅದೇ ರೂಢಿ. ಭಕ್ಕರಿ ಹಿಡಿದ ಕೈ ಅವನ ತಟ್ಟೆಯ ಮೇಲೆ ಹಾಗೇ ಉಳಿಯಿತು. ಅವನು ಕೈಯನ್ನು ನೋಡಿದ, ಮುಂದಿನ ಮಾತು ಮರೆತ, ಸುಮ್ಮನಾದ. ಸುಮ್ಮನಾದನಲ್ಲ ಎಂದು ನಾನು ಬಡಿಸಿದೆ. ತಲೆ ಬಗ್ಗಿಸಿ ಉಂಡ. ಹುಡುಗಿ ಬಹಳ ಹೊತ್ತು ಕಟ್ ಹೇಳಲೇ ಇಲ್ಲ.

“ನಾ ಕೆಡಿಸಿದೆ ಏನ್ರೀ?” ಎಂದೆ, ಹೆದರಿ.

ಹೀರೋ ತೆಗೆದದ್ದನ್ನು ಇನ್ನೊಮ್ಮೆ ಹಾಕಿಸಿ ನೋಡಿದ. “ಇರಲಿ ಬಿಡಿ,” ಎಂದು ಎದ್ದು ಹೋದ.

ಬೆಳಗಾವಿಯ ಥಿಯೇಟರಿನಲ್ಲಿ ಅವಳ ಬಾಜು ಕುಳಿತು ಸಿನಿಮಾ ನೋಡಿದೆ. ಕಂಪನಿ ಇಟ್ಟದ್ದು ಅವನ ಬಗೆಯನ್ನೇ. ಎರಡು ವಾಕ್ಯ ಬಂದವು. ಮುಂದಿನ ಸಾಲಿನವರು ಸೀಟಿ ಹೊಡೆದರು. ಆಮೇಲೆ ಪರದೆಯೂ ಜನರೂ ಸುಮ್ಮನಾದರು. ಅವನು ಉಣ್ಣುತ್ತಲೇ ಇದ್ದ.

“ಎರಡು ಮಾತು ಅವರು ತಗೊಂಡ್ರು, ಅತ್ತಿ,” ಎಂದಳು ಹುಡುಗಿ. “ಉಳಿದದ್ದು ನಂದ ಐತಿ.”

ದೇವರೇ, ಅಷ್ಟಾದರೂ ಉಳಿಸಿದೆಯಲ್ಲಪ್ಪಾ ಎಂದು ಕೂತಲ್ಲೇ ಕೈ ಮುಗಿದೆ.